ಮೂರನೇ ಮೇಜು

ಹಾಸನದ ಕ್ರೀಡಾಂಗಣದ ಗೇಟಿನ ಹೊರಗೆ
ರಾತ್ರಿ ಎರಡಕ್ಕೇ ಸಾಲು.
ತಲೆಗೆ ಚಪ್ಪಲಿ, ಎದೆಯ ಮೇಲೆ ಫೈಲು.
ಇಬ್ಬನಿಗೆ ಕಾಗದ ನೆನೆದೀತೆಂದು
ಅವ್ವ ಹಾಲಿನ ಕವರು ತೊಳೆದು, ಒಣಗಿಸಿ
ಅದಕ್ಕೊಂದು ಅಂಗಿ ಹೊಲಿದುಕೊಟ್ಟಿದ್ದಳು.

ಮೊದಲು ಓಟ. ನಾಲ್ಕು ಸುತ್ತು, ಬರಿಗಾಲು.
ಮೂರನೇ ಸುತ್ತಿಗೆ ಪಕ್ಕೆ ಹಿಡಿಯಿತು.
ಅಂಗಡಿಹಳ್ಳಿಯ ಬಸಂತ ಹಿಂದಿನಿಂದ ಬಂದು
"ಬಾಯಲ್ಲಲ್ಲ, ಮೂಗಲ್ಲಿ ಉಸಿರು ತಗೋ" ಅಂದವನೇ
ಮುಂದೆ ಹೋಗಿಬಿಟ್ಟ.
ಐದು ನಿಮಿಷ ಹದಿನೆಂಟು ಸೆಕೆಂಡು.
ಗಡಿಯಾರದವನು ಮುಂಗೈಗೆ ನೇರಳೆ ಸೀಲು ಒತ್ತಿದ.

ಒಂದನೇ ಮೇಜಿನವರು ಎತ್ತರ ನೋಡಿದರು.
ಎರಡನೆಯವರು ಎದೆಗೆ ಟೇಪು ಸುತ್ತಿದರು:
ಎಪ್ಪತ್ತೆಂಟು. ಉಸಿರೆಳೆದರೆ ಎಂಬತ್ತನಾಲ್ಕು.
ಹತ್ತು ವರ್ಷ ಅರಸೀಕೆರೆ ಜಂಕ್ಷನ್ನಿನಲ್ಲಿ
ಚಾಯ್ ಚಾಯ್ ಎಂದು ಕೂಗಿ ಅಗಲವಾದ ಎದೆ ಸಾರ್,
ಸುಮ್ಮನೆ ಬೆಳೆದದ್ದಲ್ಲ.

ಮೂರನೇ ಮೇಜು ಕಾಗದದ್ದು.
ಕನ್ನಡಕ ಹಣೆಗೇರಿತು, ಮೂಗಿಗಿಳಿಯಿತು.
"ಇದ್ಯಾವ ಸ್ಕೂಲಪ್ಪಾ?"
"ಓಪನ್ ಸ್ಕೂಲು ಸಾರ್."
"ಅದ್ಸರಿ. ಬಿಲ್ಡಿಂಗ್ ಎಲ್ಲೈತೆ?"

ಏನು ಹೇಳಲಿ?
ಕೊಬ್ಬರಿ ಮಂಡಿಯ ಮಹಡಿ. ಕೆಳಗೆ ತೂಕದ ಕೂಗು.
ಮೇಲೆ, ಭಾನುವಾರ, ತಾರಾಮಣಿ ಮೇಡಂ
ಹೊಲಿಗೆ ಯಂತ್ರದ ಮುಚ್ಚಳದ ಮೇಲೆ ಪುಸ್ತಕವಿಟ್ಟು
ಬಟ್ಟೆಗೆ ಗೀರುವ ಸುಣ್ಣದಲ್ಲೇ ತ್ರಿಕೋನ ಬರೆಯುತ್ತಿದ್ದರು.
ನಾವು ಹನ್ನೊಂದು ಜನ. ಗ್ಯಾರೇಜಿನವನು,
ಎಂಟನೇ ಕ್ಲಾಸಿಗೇ ಮದುವೆಯಾದ ಒಬ್ಬ ಅಕ್ಕ,
ಅವಳ ಮಡಿಲಲ್ಲಿ ನಿದ್ದೆಹೋದ ಹನ್ನೆರಡನೆಯವನು.
ಇವತ್ತಿಗೂ ಲಂಬಕೋನ ಅಂದರೆ
ಕೊಬ್ಬರಿ ವಾಸನೆ ಬಂದು ನನಗೆ ಹಸಿವಾಗುತ್ತದೆ.

ಉಳಿದ ದಿನಗಳ ಪಾಠ ರೈಲು ನಡೆಸುತ್ತಿತ್ತು.
ಗಾಡಿ ನಲವತ್ತು ನಿಮಿಷ ತಡ ಎಂದು ಮೈಕು ವಿಷಾದಿಸಿದರೆ
ಸಮಾಜ ವಿಜ್ಞಾನದಲ್ಲಿ ಒಂದು ಅಧ್ಯಾಯ ಮುಗಿಯುತ್ತಿತ್ತು.

"ಆ ಕಡೆ ನಿಂತ್ಕೊ."
ಆ ಕಡೆ ಎಂದರೆ ನೆರಳಿಲ್ಲದ ಕಡೆ.
ಆಗಲೇ ಮೂವರಿದ್ದರು:
ತಾಯಿಯೇ ಮನೆಯಲ್ಲಿ ಕೂರಿಸಿ ಓದಿಸಿದ ಸಕಲೇಶಪುರದ ನೆಲ್ಸನ್,
ಮದರಸಾದಲ್ಲಿ ಓದಿ ಹೊರಗಿನಿಂದ ಪರೀಕ್ಷೆ ಕಟ್ಟಿದ
ಪೆನ್ಷನ್ ಮೊಹಲ್ಲಾದ ಝುಬೇರ್,
ಮತ್ತೆ ಬಸಂತ. ಅಪ್ಪನ ಜೊತೆ ಊರೂರು ಎಣ್ಣೆ ಮಾರುತ್ತ
ಬಸ್ ಸ್ಟ್ಯಾಂಡುಗಳಲ್ಲಿ ಹತ್ತನೇ ತರಗತಿ ಮುಗಿಸಿದವನು,
ಇವತ್ತು ಎಲ್ಲರಿಗಿಂತ ಮೊದಲು ಗೆರೆ ದಾಟಿದವನು.
ನಾಲ್ಕು ಮುಂಗೈ, ಒಂದೇ ನೇರಳೆ.

ಕೆಟ್ಟವನಲ್ಲ ಆತ. ಮಧ್ಯಾಹ್ನ ತನ್ನ ನೀರಿನ ಬಾಟಲಿ ಕೊಟ್ಟ.
"ನನ್ ಲಿಸ್ಟಲ್ಲಿ ಇವಿಲ್ಲ ಕಣ್ರೋ. ಮೇಲಕ್ಕೆ ಬರೀತೀನಿ."
ಮೇಲೆ ನೋಡಿದೆವು.
ಒಂದು ಹದ್ದು ಸುತ್ತುತ್ತಿತ್ತು.

ರಿಯಾಯಿತಿ ಕೇಳಲಿಲ್ಲ ಸಾರ್ ನಾನು, ಒಂದು ಸೆಕೆಂಡಿನದೂ.
ಎಲ್ಲರಿಗೆ ಕೊಡುವ ಪ್ರಶ್ನೆಪತ್ರಿಕೆ ಕೊಡಿ,
ತಪ್ಪಿದ ಕಡೆ ಅಂಕ ಕಳೆಯಿರಿ.
ಬಾಗಿಲಲ್ಲೇ ಮನುಷ್ಯನನ್ನು ಕಳೆದರೆ
ಉಳಿದದ್ದೆಷ್ಟು ಎಂದು ಯಾವ ಲೆಕ್ಕದಲ್ಲಿ ತೋರಿಸುತ್ತೀರಿ?
(ಇದನ್ನೆಲ್ಲ ಹೇಳಲಿಲ್ಲ. ವಾಪಸ್ಸು ಬರುವಾಗ
ಕಿಟಕಿಯ ಸರಳಿಗೆ ಹೇಳಿದೆ.)

ಹನ್ನೆರಡು ದಿನ ಕಳೆದು ಒಂದು ರಾತ್ರಿ
ಸೈನಿಕರ ಗಾಡಿ ನಮ್ಮ ಜಂಕ್ಷನ್ನಿನಲ್ಲಿ ನಿಂತಿತು.
ಬನಿಯನ್ನಿನ ಹುಡುಗರು, ನನ್ನದೇ ಮೀಸೆ.
ಚಹಾ ಕಾಯಿಸಲು ಎಲ್ಲಿ ಕಲಿತೆ ಎಂದು ಯಾರೂ ಕೇಳಲಿಲ್ಲ.
ಒಬ್ಬ ನೂರರ ನೋಟು ಕೊಟ್ಟು ಎರಡು ಲೋಟ ತೆಗೆದುಕೊಂಡ.
ಅಷ್ಟರಲ್ಲಿ ಸಿಗ್ನಲ್ಲು ಹಸಿರಾಯಿತು.

ನನ್ನ ಕೈಯಲ್ಲಿ ಅವನ ಎಂಬತ್ತು ರೂಪಾಯಿ.

ಓಡಿದೆ. ಎಡಗೈಯಲ್ಲಿ ಕೆಟಲು.
ನಲ್ಲಿ ದಾಟಿತು, ತೂಕದ ಯಂತ್ರ ದಾಟಿತು,
ಮೂಟೆಗಳ ಮೇಲೆ ಮಲಗಿದ್ದ ನಾಯಿ ಎದ್ದು ನೋಡಿತು.
ಬಾಯಲ್ಲಲ್ಲ, ಮೂಗಲ್ಲಿ ಉಸಿರು.
ಬಾಗಿಲಿಂದ ಅವನು ಪೂರ್ತಿ ಬಾಗಿ ಕೈ ಚಾಚಿದ್ದ.
ಬೆರಳಿಗೆ ಬೆರಳು ತಾಗಿತು.
ಏನೋ ಕೂಗಿದ. ಗಾಲಿಯ ಸದ್ದಿಗೆ ಕೇಳಲಿಲ್ಲ.

ಪ್ಲಾಟ್‌ಫಾರಮ್ಮು ಇಳಿಜಾರಾಗಿ ಜಲ್ಲಿಕಲ್ಲು ಸೇರುವಲ್ಲಿ ನಿಂತು
ಕೆಟಲಿನ ಮುಚ್ಚಳ ತೆಗೆದು ನೋಡಿದೆ.
ಚೆಲ್ಲಿರಲಿಲ್ಲ.